ಸಾಗರದಾಚೆ ಅರಳಿದ ಸಕುರಾ: ಬ್ರೆಜಿಲ್ ಮಣ್ಣಿನಲ್ಲೊಂದು ಜಪಾನ್

ಟೋಕಿಯೊದಲ್ಲಿ ಬೆಳಗಿನ ಆರು ಗಂಟೆಯಾದಾಗ ಸಾವೊ ಪಾಲೊದಲ್ಲಿ ಹಿಂದಿನ ದಿನದ ಸಂಜೆ ಆರು. ಟೋಕಿಯೊದಲ್ಲಿ ವಸಂತ ಕಾಲಿಡುವ ಹೊತ್ತಿಗೆ ಸಾವೊ ಪಾಲೊದಲ್ಲಿ ಶರತ್ಕಾಲ. ಭೂಮಂಡಲದ ಎದುರು ಬದಿಗಳಲ್ಲಿ ನಿಂತ ಈ ಎರಡು ಮಹಾನಗರಗಳ ನಡುವೆ ಹಗಲು-ರಾತ್ರಿಯೂ ಹೊಂದುವುದಿಲ್ಲ, ಋತುವೂ ಹೊಂದುವುದಿಲ್ಲ. ಆದರೂ ಬ್ರೆಜಿಲ್‌ನ ಈ ಬೃಹನ್ನಗರದ ಮೆಟ್ರೊದಲ್ಲಿ 'ಜಪಾನ್-ಲಿಬರ್ದಾದೆ' ಎಂಬ ಹೆಸರಿನ ನಿಲ್ದಾಣವೊಂದಿದೆ. ಅಲ್ಲಿ ಇಳಿದು ಬೀದಿಗೆ ಬಂದವರನ್ನು ವಿಸ್ಮಯಲೋಕವೊಂದು ಬರಮಾಡಿಕೊಳ್ಳುತ್ತದೆ. ರಸ್ತೆಯುದ್ದಕ್ಕೂ ಕೆಂಪು ಕಂಬಗಳ ಮೇಲೆ ಬಿಳಿ ಹೂಗೊಂಚಲಿನಂಥ ದೀಪಗಳು. ಗಾಲ್ವಾವ್ ಬ್ಯುಯೆನೊ ಬೀದಿಗೆ ಅಡ್ಡಲಾಗಿ ಜಪಾನಿನ ದೇಗುಲಗಳ ಮುಂದಿರುವಂಥ ಕೆಂಪು ಮಹಾದ್ವಾರ 'ತೋರಿ'. ಅಂಗಡಿಗಳ ಫಲಕಗಳಲ್ಲಿ ಪೋರ್ಚುಗೀಸ್ ಮತ್ತು ಜಪಾನೀ ಲಿಪಿ ಅಕ್ಕಪಕ್ಕ. ಭಾನುವಾರದ ಸಂತೆಯಲ್ಲಿ ಬಿಸಿ ಕಾವಲಿಯ ಮೇಲೆ ಚುರುಗುಟ್ಟುವ ಯಾಕಿಸೋಬಾ ನೂಡಲ್ಸ್. ಅದನ್ನು ಕೊಳ್ಳಲು ಸಾಲುಗಟ್ಟಿ ನಿಂತವರಲ್ಲಿ ಎಲ್ಲ ವರ್ಣದ, ಎಲ್ಲ ಮೂಲದ ಬ್ರೆಜಿಲ್ ಪ್ರಜೆಗಳು.

ಜಪಾನಿನ ಹೊರಗೆ ಜಪಾನೀ ಮೂಲದ ಜನರು ಅತ್ಯಧಿಕ ಸಂಖ್ಯೆಯಲ್ಲಿ ನೆಲೆಸಿರುವ ದೇಶ ಬ್ರೆಜಿಲ್. ಅವರ ಸಂಖ್ಯೆ ಇಂದು 20 ಲಕ್ಷಕ್ಕೂ ಹೆಚ್ಚು. ನಾಲ್ಕು ವರ್ಷ ದುಡಿದು, ಗಂಟು ಕಟ್ಟಿಕೊಂಡು ಊರಿಗೆ ಮರಳುವ ಸಂಕಲ್ಪದಿಂದ ಹಡಗು ಹತ್ತಿದ ಬಡ ರೈತಾಪಿ ಜನರ ವಂಶವೃಕ್ಷ ಇಷ್ಟು ವಿಶಾಲವಾಗಿ ಹಬ್ಬಿದ ಕಥೆ ಆಧುನಿಕ ಯುಗದ ಮಹಾ ವಲಸೆಗಳ ಪೈಕಿ ಅತ್ಯಂತ ಮನೋಜ್ಞವಾದದ್ದು. ಮರಳಲಾಗದವರು ತವರಿನ ಹಂಬಲವನ್ನು ಎದೆಯಲ್ಲಿಟ್ಟುಕೊಂಡು ಕೊರಗಿ ಕೂರಲಿಲ್ಲ. ಅದನ್ನು ಶಾಲೆಯಾಗಿಸಿದರು, ಪತ್ರಿಕೆಯಾಗಿಸಿದರು, ಸಹಕಾರ ಸಂಘವಾಗಿಸಿದರು, ಕಾವ್ಯವಾಗಿಸಿದರು. ಈ ಕಥೆಯ ನಿಜವಾದ ವೈಭವ ಅಡಗಿರುವುದು ಇಲ್ಲಿಯೇ.

ಕಸಾತೊ ಮಾರು ಎಂಬ ಹಡಗು

1908ರ ಏಪ್ರಿಲ್ 28. ಜಪಾನಿನ ಕೋಬೆ ಬಂದರಿನಿಂದ 'ಕಸಾತೊ ಮಾರು' ಎಂಬ ಹಡಗು ಲಂಗರೆತ್ತಿತು. ಮೊದಲು ರಷ್ಯಾಕ್ಕೆ ಸೇರಿದ್ದ ಈ ನೌಕೆ ರಷ್ಯಾ-ಜಪಾನ್ ಯುದ್ಧದಲ್ಲಿ ಜಪಾನಿನ ವಶಕ್ಕೆ ಬಂದಿತ್ತು. ಅದರಲ್ಲಿದ್ದ ಒಪ್ಪಂದದ ವಲಸಿಗರು 781 ಮಂದಿ, ಅವರಲ್ಲಿ ಬಹುದೊಡ್ಡ ಪಾಲು ಓಕಿನಾವಾ ದ್ವೀಪದವರು. ಸುಮಾರು ಏಳೂವರೆ ವಾರಗಳ ಸಾಗರಯಾನದ ಬಳಿಕ ಜೂನ್ 18ರಂದು ಹಡಗು ಬ್ರೆಜಿಲ್‌ನ ಸಾಂತೋಸ್ ಬಂದರನ್ನು ಮುಟ್ಟಿತು. ಆ ದಿನವನ್ನು ಬ್ರೆಜಿಲ್ ಇಂದಿಗೂ ಜಪಾನೀ ವಲಸೆಯ ದಿನವೆಂದು ಆಚರಿಸುತ್ತದೆ.

ಎರಡು ದೂರದ ದೇಶಗಳನ್ನು ಹೀಗೆ ಬೆಸೆದದ್ದು ಕಾಫಿ. ಬ್ರೆಜಿಲ್ 1888ರಲ್ಲಿ ಗುಲಾಮಗಿರಿಯನ್ನು ರದ್ದುಪಡಿಸಿತು. ಸಾವೊ ಪಾಲೊ ಪ್ರಾಂತ್ಯದ ವಿಶಾಲ ಕಾಫಿ ತೋಟಗಳ ಒಡೆಯರು ಆಳುಗಳಿಗಾಗಿ ಯೂರೋಪಿನತ್ತ ನೋಡಿದರು. ತೋಟಗಳಲ್ಲಿ ತನ್ನ ಜನರು ಅನುಭವಿಸುತ್ತಿದ್ದ ಕಷ್ಟವನ್ನು ಕಂಡ ಇಟಲಿ, ಪ್ರಯಾಣವೆಚ್ಚ ಕೊಟ್ಟು ಕಾರ್ಮಿಕರನ್ನು ಕರೆದೊಯ್ಯುವುದನ್ನು 1902ರಲ್ಲಿ ನಿಷೇಧಿಸಿತು. ಅತ್ತ ಜಪಾನಿನ ಹಳ್ಳಿಗಳಲ್ಲಿ ಬಡತನ, ತೆರಿಗೆಯ ಭಾರ, ತುಂಡು ಭೂಮಿ. ಜಪಾನೀಯರಿಗೆ ಅಮೆರಿಕ ಸಂಯುಕ್ತ ಸಂಸ್ಥಾನದ ಬಾಗಿಲು ಆಗಷ್ಟೇ ಮುಚ್ಚುತ್ತಿತ್ತು. 1895ರಲ್ಲೇ ಉಭಯ ದೇಶಗಳ ನಡುವೆ ಆಗಿದ್ದ ಸ್ನೇಹ ಒಪ್ಪಂದಕ್ಕೆ ಜೀವ ಬಂದದ್ದು ಈ ಸಂದರ್ಭದಲ್ಲಿ. 'ಅಲ್ಲಿ ಮರಗಳಲ್ಲಿ ಹಣವೇ ಬಿಡುತ್ತದೆ' ಎಂಬಂಥ ಪ್ರಚಾರವನ್ನು ನಂಬಿ ಕುಟುಂಬಗಳು ಹೊರಟವು.

ತೋಟದ ಸಾಲುಮನೆಗಳಲ್ಲಿ

ಕಾಫಿ ತೋಟದ ಬದುಕು ಕೊಡಗು, ಚಿಕ್ಕಮಗಳೂರು, ಹಾಸನ ಸೀಮೆಯ ಓದುಗರಿಗೆ ಅಪರಿಚಿತವೇನಲ್ಲ. ನಮ್ಮ ಎಸ್ಟೇಟುಗಳ ಲೈನ್ ಮನೆಗಳಂತೆ ಅಲ್ಲಿಯೂ ಆಳುಗಳಿಗೆ ಸಾಲುಮನೆಗಳು, ಮುಂಜಾವಿನಲ್ಲಿ ಎಬ್ಬಿಸುವ ಗಂಟೆ, ಮೇಸ್ತ್ರಿಯ ಕಣ್ಗಾವಲು. ಕೊಯ್ಲಿನ ಕ್ರಮ ಮಾತ್ರ ಬೇರೆ. ನಮ್ಮಲ್ಲಿ ಹಣ್ಣಾದದ್ದನ್ನು ಆರಿಸಿ ಬಿಡಿಸಿದರೆ ಅಲ್ಲಿ ಕೊಂಬೆಯುದ್ದಕ್ಕೂ ಕೈಯೆಳೆದು ಹಣ್ಣು, ಕಾಯಿ, ಎಲೆ ಎಲ್ಲವನ್ನೂ ನೆಲಕ್ಕೆ ಸುರಿಯಬೇಕು. ಆಮೇಲೆ ಅಗಲವಾದ ಜರಡಿಗೆ ತುಂಬಿ ಗಾಳಿಗೆ ಚಿಮ್ಮಿ ಚಿಮ್ಮಿ ಕಸ ಬೇರ್ಪಡಿಸಬೇಕು. ಗದ್ದೆಯ ಕೆಸರಿನಲ್ಲಿ ನಾಟಿ ಮಾಡಿ ಪಳಗಿದ್ದ ಕೈಗಳಿಗೆ ಈ ಕೆಲಸ ಹೊಸದು. ಮೊದಲ ವರ್ಷ ಫಸಲೂ ಕಡಿಮೆಯಿತ್ತು. ದಿನವಿಡೀ ದುಡಿದರೂ ತೋಟದೊಳಗಿನ ಅಂಗಡಿಯ ಸಾಲವೇ ತೀರದ ಸ್ಥಿತಿ. ಒಂದೇ ವರ್ಷದೊಳಗೆ ಬಹುಪಾಲು ಮಂದಿ ತೋಟಗಳನ್ನು ತೊರೆದರು.

ನಾಲಿಗೆಯ ನೋವು ಇನ್ನೊಂದು ಬಗೆಯದು. ಅಕ್ಕಿ ಸಿಕ್ಕಿದರೂ ಅದನ್ನು ಹಂದಿಕೊಬ್ಬಿನಲ್ಲಿ ಬಾಡಿಸಿ ಬೇಯಿಸುವುದು ಆ ನಾಡಿನ ಪದ್ಧತಿ. ಸೋಯಾ ಹುದುಗಿಸಿ ಮಾಡುವ ಮಿಸೊ ಇಲ್ಲ, ಸೋಯಾ ಸಾಸ್ ಇಲ್ಲ, ಅನ್ನದ ಜೊತೆ ನಂಜಿಕೊಳ್ಳುವ ಉಪ್ಪು-ಹುಳಿಯ 'ಉಮೆಬೊಶಿ' ಇಲ್ಲ. ಉಮೆ ಹಣ್ಣು ಬಿಡದ ನಾಡಿನಲ್ಲಿ ಜಪಾನೀ ಗೃಹಿಣಿಯರು ಕಂಡುಕೊಂಡ ಉಪಾಯ ಚೇತೋಹಾರಿಯಾದದ್ದು. ನಮ್ಮ ಉತ್ತರ ಕರ್ನಾಟಕದ ಪುಂಡಿಪಲ್ಯದ ಬಳಗಕ್ಕೇ ಸೇರಿದ ಗಿಡವೊಂದು ಅಲ್ಲಿ ಧಾರಾಳವಾಗಿ ಬೆಳೆಯುತ್ತಿತ್ತು. ಅದರ ಹೂ ಉದುರಿದ ಮೇಲೆ ಉಳಿಯುವ ಹುಳಿಯಾದ ಕೆಂಪು ಪುಷ್ಪಪಾತ್ರೆಗಳನ್ನು ಬಿಡಿಸಿ, ಉಪ್ಪಿನಲ್ಲಿ ಊರಿಸಿಟ್ಟರು. ಬಣ್ಣ ಅದೇ, ಹುಳಿಯೂ ಬಹುತೇಕ ಅದೇ! 'ಹನಾ-ಉಮೆ' ಎಂದು ಹೆಸರಾದ ಈ ಉಪ್ಪಿನಕಾಯಿ ಇಂದಿಗೂ ಬ್ರೆಜಿಲ್‌ನ ಜಪಾನೀ ಮನೆಗಳಲ್ಲಿ ತಯಾರಾಗುತ್ತದೆ.

ಆದರೆ ಹಂಬಲ ಕೆಲವೊಮ್ಮೆ ಘೋರ ಬೆಲೆಯನ್ನೂ ಕೇಳಿತು. ಉನ್‌ಪೇ ಹಿರಾನೊ ಎಂಬ ತರುಣ ನಾಯಕನ ನೇತೃತ್ವದಲ್ಲಿ 1915ರಲ್ಲಿ ಕೆಲವು ಕುಟುಂಬಗಳು ಸ್ವಂತ ನೆಲ ಕೊಂಡು ವಸಾಹತು ಕಟ್ಟಲು ಹೊರಟವು. ಭತ್ತ ಬೆಳೆಯುವ ಆಸೆಯಿಂದ ನದಿಯಂಚಿನ ತಗ್ಗು ಜಾಗವನ್ನೇ ಆರಿಸಿಕೊಂಡವು. ಅದು ಮಲೇರಿಯಾದ ತವರು. ಕೆಲವೇ ತಿಂಗಳುಗಳಲ್ಲಿ ಹತ್ತಾರು ಜೀವಗಳು ಬಲಿಯಾದವು. ಉಳಿದವರು ದಿಬ್ಬದ ಮೇಲಕ್ಕೆ ಸರಿದು ಮತ್ತೆ ಕಾಡು ಕಡಿದರು, ಮತ್ತೆ ಬಿತ್ತಿದರು. ಹಿರಾನೊ ವಸಾಹತು ನಾಶವಾಗಲಿಲ್ಲ.

ಒಂಟಿ ಹಂಬಲದಿಂದ ಒಕ್ಕೂಟಕ್ಕೆ

ಸಾವೊ ಪಾಲೊ ನಗರದ ಕೊಂದೆ ದೆ ಸಾರ್ಜೆದಾಸ್ ಎಂಬ ಇಳಿಜಾರು ಬೀದಿಯಲ್ಲಿ ಮನೆಗಳ ನೆಲಮಾಳಿಗೆಗಳು ಅಗ್ಗದ ಬಾಡಿಗೆಗೆ ಸಿಗುತ್ತಿದ್ದವು. 1912ರ ಸುಮಾರಿಗೆ ತೋಟ ಬಿಟ್ಟು ಬಂದ ಜಪಾನೀಯರು ಆ ಕತ್ತಲೆ ಕೋಣೆಗಳಲ್ಲಿ ಒತ್ತೊತ್ತಾಗಿ ಬಾಡಿಗೆಗಿದ್ದರು. ಇಂದಿನ ಲಿಬರ್ದಾದೆ ಬಡಾವಣೆಯ ಬೀಜ ಮೊಳೆತದ್ದು ಅಲ್ಲಿ. ವಸತಿಯ ಬೆನ್ನಿಗೇ ಸಣ್ಣ ಹೋಟೆಲು, ತೋಫು ಅಂಗಡಿ, ಕೆಲಸ ಕೊಡಿಸುವ ಮಧ್ಯವರ್ತಿಯ ಕಚೇರಿ ಬಂದವು. 1915ರಲ್ಲಿ ಮಕ್ಕಳಿಗಾಗಿ ತೈಶೊ ಶಾಲೆ ತೆರೆಯಿತು. 1916ರಲ್ಲಿ ಜಪಾನೀ ಭಾಷೆಯ ಮೊದಲ ಪತ್ರಿಕೆಗಳು ಹೊರಬಂದವು. ಕಾಡಿನಂಚಿನ ವಸಾಹತುಗಳಲ್ಲೂ ಇದೇ ಕ್ರಮ: ಮೊದಲು ಬಾವಿ, ಆಮೇಲೆ ಶಾಲೆ, ಅದರ ಪಕ್ಕದಲ್ಲಿ ಎಲ್ಲರೂ ಸೇರುವ 'ಕೈಕಾನ್' ಎಂಬ ಸಮುದಾಯ ಭವನ. ವರ್ಷಕ್ಕೊಮ್ಮೆ 'ಉಂದೋಕಾಯ್' ಎಂಬ ಕ್ರೀಡೋತ್ಸವದಲ್ಲಿ ಮೊಮ್ಮಕ್ಕಳಿಂದ ಮುದುಕರವರೆಗೆ ಇಡೀ ವಸಾಹತೇ ಓಡುತ್ತಿತ್ತು.

ಪರಸ್ಪರ ಆಸರೆ ಆರ್ಥಿಕ ಶಕ್ತಿಯೂ ಆಯಿತು. 1927ರಲ್ಲಿ ಸಾವೊ ಪಾಲೊ ಬಳಿಯ ಕೋತಿಯಾದಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದ ರೈತರು, ದಲ್ಲಾಳಿಗಳ ಹಿಡಿತ ತಪ್ಪಿಸಿಕೊಳ್ಳಲು ಸಹಕಾರ ಸಂಘ ಕಟ್ಟಿದರು. ಅದು ಮುಂದೆ ಬ್ರೆಜಿಲ್‌ನ ಪ್ರಮುಖ ಕೃಷಿ ಸಹಕಾರ ಸಂಸ್ಥೆಗಳಲ್ಲೊಂದಾಗಿ ಬೆಳೆದು, ದಶಕಗಳ ಕಾಲ ಮಹಾನಗರದ ಅಡುಗೆಮನೆಗಳಿಗೆ ತರಕಾರಿ, ಹಣ್ಣು, ಮೊಟ್ಟೆ ಒದಗಿಸಿತು. ಬ್ರೆಜಿಲ್ ಜನರ ತಟ್ಟೆಯಲ್ಲಿ ಸೊಪ್ಪು-ತರಕಾರಿ ಸಮೃದ್ಧವಾದದ್ದರಲ್ಲಿ ಜಪಾನೀ ರೈತರ ಬೆವರಿನ ಪಾಲು ದೊಡ್ಡದು.

ಅಮೆಝಾನ್ ಕಾಡಿನ ತೊಮೆ-ಅಸು ವಸಾಹತಿನ ಕಥೆ ನಮಗೆ ಇನ್ನಷ್ಟು ಆಪ್ತ. ಅಲ್ಲಿಗೆ ಜಪಾನೀಯರು ಬಂದಿಳಿದದ್ದು 1929ರಲ್ಲಿ. ರೋಗ, ಸೋಲುಗಳ ನಡುವೆ ಬಹಳಷ್ಟು ಕುಟುಂಬಗಳು ಜಾಗ ಬಿಟ್ಟವು. 1933ರಲ್ಲಿ ಹೊಸ ವಲಸಿಗರ ಹಡಗು ಸಿಂಗಪುರದಲ್ಲಿ ನಿಂತಾಗ, ಅವರ ಜೊತೆಗಿದ್ದ ಮಾಕಿನೊಸುಕೆ ಉಸುಯಿ ಅಲ್ಲಿಂದ ಕೆಲವು ಕಾಳುಮೆಣಸಿನ ಸಸಿಗಳನ್ನು ಕೊಂಡುತಂದರು. ಬದುಕುಳಿದವು ಕೈಬೆರಳೆಣಿಕೆಯಷ್ಟು ಮಾತ್ರ. ನಮ್ಮ ಪಶ್ಚಿಮ ಘಟ್ಟದಲ್ಲಿ ಹುಟ್ಟಿ ಪೂರ್ವದ್ವೀಪಗಳಿಗೆ ಹೋಗಿದ್ದ ಆ ಬಳ್ಳಿ, ಜಪಾನೀ ರೈತರ ಕೈಯಲ್ಲಿ ಅಮೆಝಾನಿನ ಮಣ್ಣು ಸೇರಿತು. ಎರಡನೇ ಮಹಾಯುದ್ಧದಲ್ಲಿ ಆಗ್ನೇಯ ಏಷ್ಯಾದ ತೋಟಗಳು ಹಾಳಾಗಿ ಮೆಣಸಿನ ಬೆಲೆ ಗಗನಕ್ಕೇರಿದಾಗ ತೊಮೆ-ಅಸು ಶ್ರೀಮಂತವಾಯಿತು. ಮುಂದೆ ಬಳ್ಳಿಗೆ ಸೊರಗು ರೋಗ ತಗುಲಿತು. ರೈತರು ಒಂದೇ ಬೆಳೆಯನ್ನು ನೆಚ್ಚುವುದನ್ನು ಬಿಟ್ಟು ಕೋಕೊ, ಅಸಾಯಿ ಎಂಬ ತಾಳೆ, ಹಣ್ಣಿನ ಗಿಡ, ಕಾಡುಮರಗಳನ್ನು ಒಟ್ಟಿಗೆ ಬೆಳೆಸಿದರು. ಕಾಡನ್ನು ಉಳಿಸಿಕೊಂಡು ಬೆಳೆ ತೆಗೆಯುವ ಈ ಪದ್ಧತಿ ಇಂದು ಕೃಷಿ ತಜ್ಞರು ಅರಸಿ ಹೋಗಿ ನೋಡುವ ಮಾದರಿ.

ಮೌನದ ವರ್ಷಗಳು

ಭವ್ಯತೆಯ ಈ ಚಿತ್ರದಲ್ಲಿ ಗಾಢವಾದ ನೆರಳೂ ಇದೆ. 1930ರ ದಶಕದಲ್ಲಿ ಬ್ರೆಜಿಲ್ ಅಧ್ಯಕ್ಷ ಗೆಟೂಲಿಯೊ ವರ್ಗಾಸ್ ಅವರ ಆಡಳಿತ ರಾಷ್ಟ್ರೀಕರಣದ ಹೆಸರಿನಲ್ಲಿ ವಿದೇಶೀ ಭಾಷೆಯ ಶಾಲೆಗಳನ್ನು ಮುಚ್ಚಿಸಿತು. 1941ರಲ್ಲಿ ಜಪಾನೀ ಪತ್ರಿಕೆಗಳು ನಿಂತವು. 1942ರಲ್ಲಿ ಬ್ರೆಜಿಲ್ ಜಪಾನಿನೊಂದಿಗೆ ಸಂಬಂಧ ಕಡಿದುಕೊಂಡ ಮೇಲೆ ಸಾರ್ವಜನಿಕವಾಗಿ ಜಪಾನೀ ಭಾಷೆ ಆಡುವುದೂ ಅಪರಾಧ. 1943ರ ಜುಲೈನಲ್ಲಿ ಸಾಂತೋಸ್ ಬಂದರಿನ ಸಾವಿರಾರು ಜಪಾನೀಯರಿಗೆ ಊರು ಬಿಡಲು ಸಿಕ್ಕ ಗಡುವು ಕೇವಲ 24 ಗಂಟೆ. ಕಸಾತೊ ಮಾರುವಿನಿಂದ ಮೊದಲ ಹೆಜ್ಜೆ ಇಟ್ಟಿದ್ದ ನೆಲದಿಂದಲೇ ಗಂಟುಮೂಟೆ ಕಟ್ಟುವ ದುರ್ದೈವ.

ಪತ್ರಿಕೆಯಿಲ್ಲದ, ಮಾತಿಲ್ಲದ ಆ ಕತ್ತಲಲ್ಲಿ ಹಂಬಲ ವಿಷವಾಗಿಯೂ ಪರಿಣಮಿಸಿತು. 1945ರಲ್ಲಿ ಜಪಾನ್ ಸೋತ ಸುದ್ದಿಯನ್ನು ವಸಾಹತುಗಳ ಬಹುಸಂಖ್ಯಾತರು ನಂಬಲೇ ಇಲ್ಲ. 'ಗೆದ್ದಿದ್ದೇವೆ' ಎನ್ನುವವರು, 'ಸೋತಿದ್ದೇವೆ' ಎನ್ನುವವರು ಎಂದು ಸಮುದಾಯ ಸೀಳಿತು. ಮೊದಲ ಬಣದ ಶಿಂದೊ ರೆನ್ಮೆಯ್ ಎಂಬ ಉಗ್ರ ಸಂಘಟನೆ ಕುಖ್ಯಾತವಾಯಿತು. ಸೋಲನ್ನು ಒಪ್ಪಿಕೊಂಡವರ ಮೇಲೆ ನಡೆದ ದಾಳಿಗಳಲ್ಲಿ 20ಕ್ಕೂ ಹೆಚ್ಚು ಜಪಾನೀಯರು ತಮ್ಮವರ ಕೈಯಲ್ಲೇ ಹತರಾದರು. ಊರಿಗೆ ಮರಳುವ ಕನಸನ್ನು ಬಂಡವಾಳ ಮಾಡಿಕೊಂಡು, ಬೆಲೆ ಕಳೆದುಕೊಂಡ ಯೆನ್ ನೋಟುಗಳನ್ನು ಮುಗ್ಧರಿಗೆ ಮಾರಿದ ವಂಚಕರೂ ಇದ್ದರು. ಈ ಗಾಯ ಮಾಯಲು ಒಂದು ತಲೆಮಾರೇ ಬೇಕಾಯಿತು. ಯುದ್ಧಕಾಲದ ದೌರ್ಜನ್ಯಗಳಿಗಾಗಿ ಬ್ರೆಜಿಲ್ ಸರ್ಕಾರದ ಕ್ಷಮಾದಾನ ಆಯೋಗ ಜಪಾನೀ ಸಮುದಾಯದ ಕ್ಷಮೆ ಕೇಳಿದ್ದು 2024ರ ಜುಲೈನಲ್ಲಿ.

ಊರು ಮರಳುವ ಕನಸು ಮುರಿದ ಮೇಲೆ ಸಮುದಾಯ ಮಹತ್ತರವಾದ ನಿರ್ಧಾರಕ್ಕೆ ಬಂತು: ಇದೇ ನಮ್ಮ ನಾಡು, ನಮ್ಮ ಮಕ್ಕಳು ಇಲ್ಲಿಯವರು.

ನೆಲೆ ನಿಂತ ಜೀವನೋತ್ಸಾಹ

1953ರಲ್ಲಿ ಗಾಲ್ವಾವ್ ಬ್ಯುಯೆನೊ ಬೀದಿಯಲ್ಲಿ ಸುಮಾರು 1,500 ಆಸನಗಳ 'ಸಿನೆ ನಿತೆರೊಯ್' ಚಿತ್ರಮಂದಿರ ತೆರೆಯಿತು. ಜಪಾನೀ ಚಿತ್ರಗಳನ್ನು ನೋಡಲು ದೂರದೂರದ ತೋಟಗಳಿಂದ ಕುಟುಂಬಗಳು ಬಂದವು. ಅವರಿಗಾಗಿ ಸುತ್ತ ಹೋಟೆಲುಗಳು, ಅಂಗಡಿಗಳು ಎದ್ದವು, ಬಡಾವಣೆಯೇ ಬೆಳೆಯಿತು. 1954ರಲ್ಲಿ ಸಾವೊ ಪಾಲೊ ನಗರದ ನಾಲ್ಕುನೂರನೇ ವರ್ಷಾಚರಣೆಗೆ ಇಬಿರಾಪುಯೆರಾ ಉದ್ಯಾನದಲ್ಲಿ, ಕ್ಯೋಟೊದ ಕತ್ಸುರಾ ಅರಮನೆಯ ಸ್ಫೂರ್ತಿಯಿಂದ ರೂಪುಗೊಂಡ ಜಪಾನ್ ಮಂಟಪ ತಲೆಯೆತ್ತಿತು. 1978ರ ಜೂನ್ 18ರಂದು ಲಿಬರ್ದಾದೆಯಲ್ಲಿ ವಲಸೆಯ ವಸ್ತುಸಂಗ್ರಹಾಲಯ ಉದ್ಘಾಟನೆಗೊಂಡಾಗ ಜಪಾನಿನ ಆಗಿನ ಯುವರಾಜ ಅಕಿಹಿತೊ ಸ್ವತಃ ಉಪಸ್ಥಿತರಿದ್ದರು. ಕಾಡು ಕಡಿದ ಕೊಡಲಿ, ಗರಗಸ, ಹಡಗಿನ ಚೀಟಿ, ಪೆಟ್ಟಿಗೆಗಳು ಅಲ್ಲಿ ಇತಿಹಾಸದ ಸಾಕ್ಷಿಗಳಾಗಿವೆ.

ಕಲೆಯ ಶಿಖರದಲ್ಲಿ ತೊಮಿಯೆ ಒಹ್ತಾಕೆ ಅವರ ಹೆಸರಿದೆ. 1913ರಲ್ಲಿ ಕ್ಯೋಟೊದಲ್ಲಿ ಜನಿಸಿದ ಈಕೆ 1936ರಲ್ಲಿ ಬ್ರೆಜಿಲ್‌ಗೆ ಬಂದದ್ದು ಅಣ್ಣನನ್ನು ನೋಡಿಹೋಗಲು. ಯುದ್ಧ ದಾರಿ ಮುಚ್ಚಿತು. ಅಲ್ಲಿಯೇ ಮದುವೆಯಾಗಿ, ಇಬ್ಬರು ಗಂಡುಮಕ್ಕಳನ್ನು ಬೆಳೆಸಿ, ನಲವತ್ತರ ಅಂಚಿನಲ್ಲಿ ಕುಂಚ ಹಿಡಿದರು. 2015ರಲ್ಲಿ 101ನೇ ವಯಸ್ಸಿನಲ್ಲಿ ನಿಧನರಾಗುವ ಹೊತ್ತಿಗೆ ಬ್ರೆಜಿಲ್‌ನ ಅಮೂರ್ತ ಕಲೆಯ ಮೇರು ವ್ಯಕ್ತಿತ್ವವಾಗಿದ್ದರು. ವಲಸೆಯ 80ನೇ ವರ್ಷದ ಸ್ಮರಣೆಗೆ ಅವರು ರೂಪಿಸಿದ ಅಲೆಗಳಂಥ ಬೃಹತ್ ಶಿಲ್ಪವನ್ನು ಸಾವೊ ಪಾಲೊದ ಹೆದ್ದಾರಿಯ ನಡುವೆ ಇಂದಿಗೂ ಕಾಣಬಹುದು.

ಅತ್ಯಂತ ಸೂಕ್ಷ್ಮವಾದ ಸಾಧನೆ ನಡೆದದ್ದು ಕಾವ್ಯದಲ್ಲಿ. ಜಪಾನಿನ ಹೈಕು ಪರಂಪರೆಯಲ್ಲಿ ಋತುವನ್ನು ಸೂಚಿಸುವ ಪದ ಅನಿವಾರ್ಯ. ಚೆರ್ರಿ ಹೂವೆಂದರೆ ವಸಂತ, ಮಿಡತೆ ಕೂಗೆಂದರೆ ಶರತ್ಕಾಲ. ಬ್ರೆಜಿಲ್‌ನಲ್ಲಿ ಋತುಚಕ್ರವೇ ತಲೆಕೆಳಗು, ಹಿಮ ಬೀಳುವುದೇ ಅಪರೂಪ, ಹಕ್ಕಿ-ಹೂಗಳೂ ಬೇರೆ. 1927ರಲ್ಲಿ ಬಂದ ಕವಿ ಸಾತೊ ನೆಂಪುಕು ಹಳ್ಳಿಹಳ್ಳಿ ತಿರುಗಿ, ಹಗಲೆಲ್ಲ ಗುದ್ದಲಿ ಹಿಡಿದವರಿಗೆ ರಾತ್ರಿ ಹೈಕು ಕಲಿಸಿದರು. ಕಣ್ಣ ಮುಂದಿನ ಪ್ರಕೃತಿಯನ್ನೇ ಬರೆಯಿರಿ ಎಂಬುದು ಅವರ ಪಂಥದ ನಿಲುವು. ಹಳದಿ ಹೂ ಬಿಡುವ ಇಪೆ ಮರ, ಕಾಫಿಯ ಕೊಯ್ಲು, ಬ್ರೆಜಿಲ್‌ನ ಹಕ್ಕಿಗಳು ಹೀಗೆ ಹೈಕುವಿನೊಳಗೆ ಬಂದವು. 1929ರಲ್ಲಿ ವಲಸೆ ಬಂದ ಮಸುದಾ ಗೋಗಾ ತಮ್ಮ ಬಂಧು ತೆರುಕೊ ಒದಾ ಅವರೊಂದಿಗೆ 1996ರಲ್ಲಿ ಬ್ರೆಜಿಲ್‌ನ ಋತುಪದಗಳ ಕೋಶವನ್ನೇ ಪೋರ್ಚುಗೀಸ್ ಭಾಷೆಯಲ್ಲಿ ಪ್ರಕಟಿಸಿದರು. ಪರದೇಶದ ಋತುಗಳನ್ನು ತಮ್ಮ ಕಾವ್ಯಕ್ಕೆ ಬರಮಾಡಿಕೊಂಡ ಆ ಕ್ಷಣದಲ್ಲಿ ಪರದೇಶ ಪರದೇಶವಾಗಿ ಉಳಿಯಲಿಲ್ಲ.

ಮತ್ತೆ ಕಡಲು ದಾಟಿದ ಮೊಮ್ಮಕ್ಕಳು

ಇತಿಹಾಸ ಇಲ್ಲೊಂದು ಅದ್ಭುತ ತಿರುವು ತೆಗೆದುಕೊಂಡಿತು. 1980ರ ದಶಕದಲ್ಲಿ ಬ್ರೆಜಿಲ್ ಹಣದುಬ್ಬರದಿಂದ ತತ್ತರಿಸಿತ್ತು, ಜಪಾನಿನ ಕಾರ್ಖಾನೆಗಳು ಕೆಲಸಗಾರರಿಗಾಗಿ ಹಾತೊರೆಯುತ್ತಿದ್ದವು. 1990ರಲ್ಲಿ ಜಾರಿಗೆ ಬಂದ ಜಪಾನಿನ ವಲಸೆ ತಿದ್ದುಪಡಿ ಕಾಯ್ದೆ ಜಪಾನೀ ವಲಸಿಗರ ಮಕ್ಕಳು, ಮೊಮ್ಮಕ್ಕಳಿಗೆ ಅಲ್ಲಿ ನೆಲೆಸಿ ದುಡಿಯುವ ಅವಕಾಶ ಕೊಟ್ಟಿತು. ಅಜ್ಜ ಬಿಟ್ಟುಬಂದ ನಾಡಿಗೆ ಮೊಮ್ಮಗ ಕೂಲಿ ಅರಸಿ ಹೊರಟ! 2007ರ ಹೊತ್ತಿಗೆ ಜಪಾನಿನಲ್ಲಿ ಬ್ರೆಜಿಲ್ ಪ್ರಜೆಗಳ ಸಂಖ್ಯೆ 3 ಲಕ್ಷ ದಾಟಿತ್ತು.

ಬ್ರೆಜಿಲ್‌ನಲ್ಲಿ 'ಜಪಾನಿ' ಎನಿಸಿಕೊಂಡಿದ್ದವರು ಜಪಾನಿನಲ್ಲಿ 'ಬ್ರೆಜಿಲ್‌ನವರು' ಎನಿಸಿಕೊಂಡರು. ಮುಖ ಒಂದೇ, ಮಾತು ಬೇರೆ, ನಡೆ ಬೇರೆ. ಈಗ ಅವರನ್ನು ಕಾಡಿದ್ದು ಬೀನ್ಸ್ ಕಾಳು-ಮಾಂಸದ ಫೆಜೊವಾದಾ, ಫುಟ್‌ಬಾಲ್, ಸಾಂಬಾ ಕುಣಿತ. ಅಜ್ಜಂದಿರು ಮಾಡಿದ್ದನ್ನೇ ಅವರೂ ಮಾಡಿದರು. ಗುನ್ಮಾ ಪ್ರಾಂತ್ಯದ ಓಯಿಜುಮಿ, ಶಿಜುವೊಕಾದ ಹಮಮತ್ಸು ಊರುಗಳಲ್ಲಿ ಪೋರ್ಚುಗೀಸ್ ಶಾಲೆ, ಬ್ರೆಜಿಲ್ ದಿನಸಿ ಅಂಗಡಿ, ಪತ್ರಿಕೆ, ಸಾಂಬಾ ಮೆರವಣಿಗೆ ಎದ್ದುನಿಂತವು. 2009ರ ಆರ್ಥಿಕ ಕುಸಿತದಲ್ಲಿ ಜಪಾನ್ ಸರ್ಕಾರವೇ ಪ್ರಯಾಣವೆಚ್ಚ ಕೊಟ್ಟು ಹಲವರನ್ನು ಹಿಂದೆ ಕಳುಹಿಸಿತು. ಆದರೂ ಇಂದು ಸುಮಾರು 2 ಲಕ್ಷ ಬ್ರೆಜಿಲ್ ಪ್ರಜೆಗಳ ಮನೆ ಜಪಾನಿನಲ್ಲಿದೆ.

ಇಂದಿನ ಚಿತ್ರ

ವಲಸಿಗರ ಕೊನೆಯ ಹಡಗು ಸಾಂತೋಸ್ ತಲುಪಿದ್ದು 1973ರಲ್ಲಿ. ಇಂದು ಆರನೇ ತಲೆಮಾರಿನ ಮಕ್ಕಳೂ ಹುಟ್ಟಿದ್ದಾರೆ. ಬಹಳಷ್ಟು ಮನೆಗಳಲ್ಲಿ ಜಪಾನೀ ಮಾತು ಅಳಿದಿದೆ, ಮಿಶ್ರ ವಿವಾಹ ಸಹಜವಾಗಿದೆ. 1946ರಿಂದ ಬರುತ್ತಿದ್ದ 'ಸಾವೊ ಪಾಲೊ ಶಿಂಬುನ್' ಪತ್ರಿಕೆ 2019ರ ಹೊಸವರ್ಷದ ಸಂಚಿಕೆಯೊಂದಿಗೆ ನಿಂತಿತು. ಲಿಬರ್ದಾದೆಯಲ್ಲಿ ಚೀನಾ, ಕೊರಿಯಾ ಮೂಲದವರ ಅಂಗಡಿಗಳೂ ತುಂಬಿವೆ. ಜಪಾನೀಯರಿಗೂ ಮುಂಚೆ ಅದೇ ನೆಲದಲ್ಲಿ ನೇಣುಗಂಬಕ್ಕೆ ಬಲಿಯಾದ ಕಪ್ಪು ಜನರ ಇತಿಹಾಸವನ್ನು ಸ್ಮರಿಸುವ ಕೆಲಸವೂ ನಡೆದಿದೆ.

ಆದರೂ ಸಂಸ್ಕೃತಿಯ ಸೆಲೆ ಬತ್ತಿಲ್ಲ. ಪ್ರತಿ ಜುಲೈನಲ್ಲಿ ಸಾವೊ ಪಾಲೊದಲ್ಲಿ ನಡೆಯುವ ಜಪಾನ್ ಉತ್ಸವದಲ್ಲಿ ಜಪಾನಿನ 47 ಪ್ರಾಂತ್ಯಗಳ ಸಂಘಗಳು ತಂತಮ್ಮ ಸೀಮೆಯ ತಿನಿಸಿನ ಮಳಿಗೆ ತೆರೆಯುತ್ತವೆ. ಕಾವಲಿಯ ಮುಂದೆ ಅಜ್ಜಿಯರು, ಗಲ್ಲಾದಲ್ಲಿ ಮೊಮ್ಮಕ್ಕಳು. ಬಂದವರಲ್ಲಿ ಜಪಾನಿನ ರಕ್ತಸಂಬಂಧ ಇಲ್ಲದವರೇ ಅಸಂಖ್ಯ. ಆಗಸ್ಟ್ ಹೊತ್ತಿಗೆ ಕಾರ್ಮೊ ಉದ್ಯಾನದಲ್ಲಿ ಸಾವಿರಾರು ಸಕುರಾ (ಚೆರ್ರಿ) ಮರಗಳು ಗುಲಾಬಿ ಬಣ್ಣ ತಳೆಯುತ್ತವೆ. ಈ ಸೆಖೆಯ ನಾಡಿಗೆ ಚೆನ್ನಾಗಿ ಒಗ್ಗಿದ್ದು ಓಕಿನಾವಾದ ತಳಿ, ಕಸಾತೊ ಮಾರುವಿನಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ಬಂದವರ ದ್ವೀಪದ ಹೂವು.

ಕನ್ನಡ ಕುಟುಂಬಗಳಿಗೂ ಈ ಕಥೆ ದೂರದ್ದಲ್ಲ. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರಲ್ಲಿ ಹುಟ್ಟಿತು. ಇಂದು ಜಗತ್ತಿನ ಹಲವು ನಗರಗಳಲ್ಲಿ ಕನ್ನಡ ಕಲಿಸುವ ವಾರಾಂತ್ಯದ ತರಗತಿಗಳು, ಯುಗಾದಿ-ರಾಜ್ಯೋತ್ಸವದ ಸಭೆಗಳು ನಡೆಯುತ್ತಿವೆ. ಮಗನೋ ಮಗಳೋ ಹೊರನಾಡಿನಲ್ಲಿದ್ದರೆ, ವಾರದ ಫೋನಿನಲ್ಲಿ ಊಟ-ಉದ್ಯೋಗದ ಜೊತೆಗೆ ಅಲ್ಲಿನ ಕೂಟದ ವಿಚಾರವನ್ನೂ ಕೇಳಿ, ಅದರ ಕೆಲಸಕ್ಕೆ ಹೆಗಲು ಕೊಡಲು ಹೇಳಿ. ಹಾಗೆಯೇ ನಮ್ಮ ಬೀದಿಗೆ ದೂರದ ಊರಿನಿಂದ ಬಂದು ನೆಲೆಸಿದ ಕುಟುಂಬವನ್ನು ಈ ಬಾರಿಯ ಹಬ್ಬಕ್ಕೆ ಮನೆಗೆ ಕರೆಯೋಣ. ಒಬ್ಬರೇ ಹೊತ್ತರೆ ಭಾರವಾಗುವ ತವರಿನ ಹಂಬಲ ಹತ್ತು ಜನ ಕೂಡಿದಾಗ ಊರನ್ನೇ ಕಟ್ಟಬಲ್ಲದು. ಬ್ರೆಜಿಲ್‌ನ ಜಪಾನೀಯರು ಅದನ್ನು ಒಂದು ಶತಮಾನದಿಂದ ಮಾಡಿ ತೋರಿಸುತ್ತಿದ್ದಾರೆ.